ಅಂಡಮಾನ್‌ಗೆ ಹಡಗೋ, ವಿಮಾನವೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ದ್ವೀಪ ಪ್ರವಾಸದ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಚೆನ್ನೈನಿಂದ ಅಂಡಮಾನ್‌ಗೆ ಹಡಗು ಇದೆ, ವಿಮಾನಕ್ಕಿಂತ ಅಗ್ಗ ಅಂತಾರೆ. ನಾವು ನಾಲ್ವರು, ಜೊತೆಗೆ 68 ವರ್ಷದ ಅತ್ತೆ. ರಜೆ ಎಂಟು ದಿನ. ಹಡಗಿನಲ್ಲಿ ಹೋಗಬಹುದೇ?
(ಶಿಕ್ಷಕಿ, ಶಿರಾ)

ಹಡಗು ಇರುವುದು ನಿಜ. ಎಂಟು ದಿನದ ರಜೆಗೆ ಮಾತ್ರ ಅದು ಹೊಂದುವುದಿಲ್ಲ. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1,190 ಕಿ.ಮೀ. ಸಮುದ್ರ. ಹಡಗಿಗೆ ಹೆಚ್ಚುಕಡಿಮೆ 60 ಗಂಟೆ ಹಿಡಿಯುತ್ತದೆ. ಹೋಗಲು ಮೂರು ದಿನ, ಬರಲು ಮೂರು ದಿನ, ಶಿರಾದಿಂದ ಚೆನ್ನೈಗೆ ಓಡಾಟ ಬೇರೆ. ಅಂಡಮಾನ್ ನೋಡಲು ಉಳಿಯುವುದೇನು? ಮೇಲಾಗಿ ಹಡಗು ದಿನಾ ಹೊರಡುವುದಿಲ್ಲ, ತಿಂಗಳಿಗೆ ಕೆಲವೇ ಬಾರಿ. ವೇಳಾಪಟ್ಟಿಯನ್ನು ಅಂಡಮಾನ್ ಆಡಳಿತದ ಹಡಗು ಸೇವಾ ನಿರ್ದೇಶನಾಲಯ ಪ್ರಕಟಿಸುತ್ತದೆ. ರಿಪೇರಿ, ಹವಾಮಾನದ ಕಾರಣಕ್ಕೆ ಅದೂ ಮುಂದೆ ಹೋಗುತ್ತಿರುತ್ತದೆ. ಎರಡು ದಿನ ತಡವಾದರೆ ದ್ವೀಪದಲ್ಲಿ ಬುಕ್ ಮಾಡಿದ ಕೋಣೆಯ ಹಣ ಹೋದಂತೆ.

ಇನ್ನು ಅಗ್ಗದ ಮಾತು. ಜನ ಹೇಳುವ ಅಗ್ಗದ ದರ ಬಂಕ್ ದರ್ಜೆಯದು. ಅಲ್ಲಿ ಹತ್ತಾರು ಮಂದಿ ಒಂದೇ ಕಡೆ ಮೇಲೆ ಕೆಳಗೆ ಮಲಗಬೇಕು, ಶೌಚಾಲಯ ಎಲ್ಲರಿಗೂ ಒಂದೇ. ವಯಸ್ಸಾದವರನ್ನು ಅಲ್ಲಿ ಮೂರು ರಾತ್ರಿ ಮಲಗಿಸುವುದು ಬೇಡ. ಕ್ಯಾಬಿನ್ ತೆಗೆದುಕೊಂಡರೆ ಉಳಿತಾಯ ಅಷ್ಟೇನೂ ಉಳಿಯದು. ಮೂರು ದಿನದ ಊಟದ ಖರ್ಚನ್ನೂ ಸೇರಿಸಿಕೊಳ್ಳಿ. ಮೂರು ವಾರ ಬಿಡುವಿರುವವರು, ಸಮುದ್ರವನ್ನೇ ನೋಡುತ್ತಾ ಕೂರುವ ಆಸೆ ಇರುವವರು ಹಡಗು ಹತ್ತಲಿ.

ನೀವು ಬೆಂಗಳೂರಿನಿಂದ ನೇರ ವಿಮಾನ ಹಿಡಿಯಿರಿ, ಎರಡೂವರೆ ಗಂಟೆಯ ಹಾದಿ. ತುಮಕೂರು ಕಡೆಯಿಂದ ಬರುವಾಗ ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಅಂತ ಊರೊಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ತುಮಕೂರಿನಿಂದ ಸುಮಾರು 85 ಕಿ.ಮೀ. ಆಗುತ್ತದೆ, ಗೊರಗುಂಟೆಪಾಳ್ಯದ ಜಾಮ್ ತಪ್ಪುತ್ತದೆ. ಬೆಳಗಿನ ವಿಮಾನವಾದರೆ ಇದೇ ದಾರಿ ಸರಿ.

ಟಿಕೆಟ್‌ನಲ್ಲಿ ‘ಶ್ರೀ ವಿಜಯಪುರಂ’ ಅಂತಿದ್ದರೆ ಗಾಬರಿ ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಇಟ್ಟ ಹೊಸ ಹೆಸರು ಅದು. ಹಾಗೆಯೇ ಅಲ್ಲಿನ ಹ್ಯಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ದೋಣಿ ಬುಕ್ ಮಾಡುವಾಗ ಎರಡೂ ಹೆಸರು ಕಣ್ಣಿಗೆ ಬೀಳುತ್ತವೆ.

ಚೆನ್ನೈನಿಂದ ಹೊರಡುವ ವಿಮಾನದ ದರ ಕೆಲವೊಮ್ಮೆ ಬೆಂಗಳೂರಿಗಿಂತ ಕಡಿಮೆ ಕಾಣುತ್ತದೆ. ನಮಗೆ ಯಾವುದು ಲಾಭ?
(ಔಷಧಿ ಅಂಗಡಿ ಮಾಲೀಕರು, ಮುಳಬಾಗಿಲು)

ತಲೆಗೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಅದರಿಂದ ಬಂಗಾರಪೇಟೆಯಿಂದ ಚೆನ್ನೈಗೆ ರೈಲು, ಅಲ್ಲಿ ಒಂದು ರಾತ್ರಿಯ ವಸತಿ, ಊಟ, ಇವನ್ನು ಕಳೆಯಿರಿ. ಇಬ್ಬರೇ ಆದರೆ ಲೆಕ್ಕ ಸಾಮಾನ್ಯವಾಗಿ ಬೆಂಗಳೂರಿನ ಪರವಾಗಿಯೇ ಬರುತ್ತದೆ. ಐದಾರು ಮಂದಿ ಇದ್ದು ದರದ ವ್ಯತ್ಯಾಸ ದೊಡ್ಡದಿದ್ದರೆ ಚೆನ್ನೈ ನೋಡಬಹುದು. ಬೃಂದಾವನ, ಲಾಲ್‌ಬಾಗ್ ಎಕ್ಸ್‌ಪ್ರೆಸ್‌ಗಳು ಬಂಗಾರಪೇಟೆಯಲ್ಲಿ ನಿಲ್ಲುತ್ತವೆ. ಚೆನ್ನೈ ಸೆಂಟ್ರಲ್‌ನಿಂದ ನೀಲಿ ಮಾರ್ಗದ ಮೆಟ್ರೊ ನೇರ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ.

ಆದರೆ ಹಿಂದಿನ ದಿನವೇ ಚೆನ್ನೈ ಸೇರಿರಬೇಕು. ರೈಲು ತಡವಾಗಿ ವಿಮಾನ ತಪ್ಪಿದರೆ ವಿಮಾನದವರು ಅದಕ್ಕೆ ಹೊಣೆಯಲ್ಲ. ಬೆಂಗಳೂರು–ಚೆನ್ನೈ ಒಂದು ಟಿಕೆಟ್, ಚೆನ್ನೈ–ಪೋರ್ಟ್ ಬ್ಲೇರ್ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ಪಿಎನ್‌ಆರ್ ಮಾಡಿಸಿಕೊಂಡವರಿಗೂ ಇದೇ ಗತಿ. ನಡುವೆ ಇಳಿದು ಹತ್ತುವುದಿದ್ದರೆ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಯಾವ ದೋಣಿ ಒಳ್ಳೆಯದು? ವಾಪಸ್ ಬಂದ ದಿನವೇ ಮಧ್ಯಾಹ್ನದ ವಿಮಾನ ಹಿಡಿಯಬಹುದೇ? ನನ್ನ ಹೆಂಡತಿಗೆ ನಂದಿಬೆಟ್ಟ ಹತ್ತುವಾಗಲೇ ವಾಂತಿ ಬರುತ್ತದೆ.
(ರೇಷ್ಮೆ ರೀಲರ್, ಚಿಕ್ಕಬಳ್ಳಾಪುರ)

ಮೊದಲು ಎರಡನೆಯ ಪ್ರಶ್ನೆ. ಹಿಡಿಯಬೇಡಿ. ಅಂಡಮಾನ್ ಪ್ರವಾಸ ಕೆಡುವುದು ದೊಡ್ಡ ವಿಮಾನದಿಂದಲ್ಲ, ಕೊನೆಯ ಸಣ್ಣ ದೋಣಿಯಿಂದ. ಗಾಳಿ ಎದ್ದು ಬಂದರಿನಲ್ಲಿ ಎಚ್ಚರಿಕೆ ಕೊಟ್ಟರೆ ಅಂದಿನ ದೋಣಿಗಳೆಲ್ಲ ರದ್ದು. ದೋಣಿಯ ಹಣ ವಾಪಸ್ ಬರುತ್ತದೆ, ತಪ್ಪಿದ ವಿಮಾನದ ಹಣ ಬರುವುದಿಲ್ಲ. ಹಾಗಾಗಿ ಹೊರ ದ್ವೀಪಗಳನ್ನು ಮೊದಲು ಮುಗಿಸಿ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಸೆಲ್ಯುಲರ್ ಜೈಲನ್ನು ಆ ದಿನಕ್ಕೆ ಉಳಿಸಿಕೊಳ್ಳಿ. ಹ್ಯಾವ್‌ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ಪೋರ್ಟ್ ಬ್ಲೇರ್ ಅಂತ ಸುತ್ತು ಹಾಕಿದರೆ ವಾಪಸಿನ ದೋಣಿ ಪ್ರಯಾಣವೂ ಚಿಕ್ಕದು. ಮೇಯಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಬಂಗಾಳ ಕೊಲ್ಲಿಯ ಚಂಡಮಾರುತ. ಜನವರಿಯಿಂದ ಏಪ್ರಿಲ್ ಸಮುದ್ರ ಶಾಂತ.

ದೋಣಿಯಲ್ಲಿ ಎರಡು ಬಗೆ. ಖಾಸಗಿ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ದೋಣಿ) ಒಂದೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಒಳಗೆ ಎಸಿ, ಗಾಜು ಮುಚ್ಚಿರುತ್ತದೆ. ಸರ್ಕಾರಿ ದೋಣಿಗೆ ಎರಡೂವರೆ ಗಂಟೆಯಾಗಬಹುದು, ದರ ತುಂಬ ಕಡಿಮೆ, ಸೀಟು ಸಿಗುವುದು ಕಷ್ಟ, ಆದರೆ ಮೇಲೆ ಬಯಲಿನಲ್ಲಿ ನಿಂತು ಗಾಳಿ ಕುಡಿಯಬಹುದು. ವಾಂತಿಯ ತೊಂದರೆ ಇರುವವರಿಗೆ ವೇಗಕ್ಕಿಂತ ಆ ಗಾಳಿಯೇ ಮೇಲು. ಕಿವಿಯೊಳಗಿನ ಸಮತೋಲನದ ಅಂಗ ‘ಅಲುಗಾಡುತ್ತಿದೆ’ ಎನ್ನುತ್ತದೆ, ಮುಚ್ಚಿದ ಕೋಣೆ ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಹೊಟ್ಟೆ ತೊಳಸುವುದು ಈ ತಿಕ್ಕಾಟಕ್ಕೆ. ದಿಗಂತ ನೋಡುತ್ತಾ ಕೂತರೆ ಎರಡಕ್ಕೂ ರಾಜಿ. ಕ್ಯಾಟಮರಾನ್‌ನಲ್ಲೇ ಹೋಗುವುದಾದರೆ ಕೆಳ ಅಂತಸ್ತಿನಲ್ಲಿ ನಡುವಿನ ಅಥವಾ ಹಿಂದಿನ ಸೀಟು ಕೇಳಿ. ಮೂತಿಯ ಕಡೆ ಕೂತವರಿಗೇ ಕುಲುಕಾಟ ಹೆಚ್ಚು. ಅವೊಮಿನ್‌ನಂಥ ಮಾತ್ರೆಯನ್ನು ದೋಣಿ ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ. ನಿದ್ದೆ ಬರುತ್ತದೆ, ಇಳಿದ ಮೇಲೆ ಬಾಡಿಗೆ ಸ್ಕೂಟರ್ ನೀವೇ ಓಡಿಸಿ. ಬರಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು.

ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಬೇಕು, ಆಧಾರ್ ಕೈಯಲ್ಲಿರಬೇಕು. ಫೀನಿಕ್ಸ್ ಬೇ, ಹ್ಯಾಡೋ ಎರಡೂ ಬೇರೆ ಬೇರೆ ಜೆಟ್ಟಿಗಳು. ಟಿಕೆಟ್‌ನಲ್ಲಿ ಯಾವುದಿದೆ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ವಿಮಾನ ಇಳಿದ ದಿನವೇ ದೋಣಿ ಹತ್ತುವವರು ನಡುವೆ ಮೂರು ಗಂಟೆಯಾದರೂ ಬಿಡಿ. ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ದೋಣಿಗಳ ಓಡಾಟ ಅದಕ್ಕೆ ಮೊದಲೇ ಮುಗಿಯುತ್ತದೆ.

ಅಂಡಮಾನ್ ಬೇಡ, ಲಕ್ಷದ್ವೀಪ ನೋಡೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಕೊಚ್ಚಿಗೆ ಹೋಗಿ ಹಡಗು ಹತ್ತಿದರೆ ಆಯಿತಲ್ಲವೇ?
(ಕಿರಾಣಿ ವ್ಯಾಪಾರಿ, ಚಿಂತಾಮಣಿ)

ಆಗುವುದಿಲ್ಲ. ಅಂಡಮಾನ್‌ನ ಮುಖ್ಯ ಪ್ರವಾಸಿ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಡ, ಲಕ್ಷದ್ವೀಪಕ್ಕೆ ಬೇಕು. ಮೊದಲು ಪ್ರವೇಶ ಪರವಾನಗಿ, ಆಮೇಲೆ ಟಿಕೆಟ್. ಅರ್ಜಿಯ ಜೊತೆ ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯಬಹುದು. ಹೊರಡುವ ವಾರದಲ್ಲಿ ಶುರು ಮಾಡುವ ಕೆಲಸವಲ್ಲ ಇದು. ಮೊದಲ ಸಲ ಹೋಗುವ ಸಂಸಾರಕ್ಕೆ ಲಕ್ಷದ್ವೀಪ ಪ್ರವಾಸೋದ್ಯಮದ ‘ಸ್ಪೋರ್ಟ್ಸ್’ ಸಂಸ್ಥೆಯ ಪ್ಯಾಕೇಜೇ ಸುಲಭ: ಹಡಗು, ಊಟ, ಪರವಾನಗಿ ಒಟ್ಟಿಗೆ ಮುಗಿಯುತ್ತವೆ.

ಯಾವ ದ್ವೀಪ ಅನ್ನುವುದರ ಮೇಲೆ ಕೊಚ್ಚಿಯಿಂದ ಹಡಗಿಗೆ 14ರಿಂದ 18 ಗಂಟೆ. ಹತ್ತುವುದು ವಿಲಿಂಗ್ಡನ್ ದ್ವೀಪದಲ್ಲಿ. ಬಂಗಾರಪೇಟೆಯಲ್ಲಿ ನಿಲ್ಲುವ ಕನ್ಯಾಕುಮಾರಿ ರೈಲನ್ನು ಹಳಬರು ಈಗಲೂ ‘ಐಲ್ಯಾಂಡ್ ಎಕ್ಸ್‌ಪ್ರೆಸ್’ ಅನ್ನುವುದು ಅದು ಒಂದು ಕಾಲಕ್ಕೆ ಅದೇ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಓಡುತ್ತಿದ್ದುದಕ್ಕೆ. ಈಗ ಎರ್ನಾಕುಲಂ ಟೌನ್‌ನಲ್ಲಿ ಇಳಿದು ಆಟೊ ಹಿಡಿಯಬೇಕು.

ಮನೆಯ ಹಿರಿಯರನ್ನು ಕರೆದೊಯ್ಯುವುದಿದ್ದರೆ ಒಂದು ವಿಷಯ ತಿಳಿದಿರಲಿ. ಹಲವು ದ್ವೀಪಗಳಲ್ಲಿ ಹವಳದ ದಿಬ್ಬದ ಕಾರಣ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿ ಪಕ್ಕಕ್ಕೆ ಬರುತ್ತದೆ. ಅಲೆಗೆ ದೋಣಿ ಮೇಲೆದ್ದ ಗಳಿಗೆ ನೋಡಿ ಸಿಬ್ಬಂದಿ ಎರಡೂ ತೋಳು ಹಿಡಿದು ಇಳಿಸಿಕೊಳ್ಳುತ್ತಾರೆ. ಆಗ ಎರಡೂ ಕೈ ಖಾಲಿ ಇರಬೇಕು. ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲ ಇರಲಿ. ಮಂಡಿ ನೋವಿರುವವರಿಗೆ ವಿಮಾನವೇ ಸರಿ. 2024ರ ಮಾರ್ಚ್ 31ರಿಂದ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಶುರುವಾಯಿತು, ಕೊಚ್ಚಿಯಿಂದಲೂ ಇದೆ. ಓಡುವುದು ಎಟಿಆರ್ ಎಂಬ ಸಣ್ಣ ವಿಮಾನ, ಸೀಟು ಬೇಗ ತುಂಬುತ್ತದೆ. ಅಗತ್ತಿಯಿಂದ ಬೇರೆ ದ್ವೀಪಕ್ಕೆ ಮತ್ತೆ ದೋಣಿಯೇ. ಮಳೆಗಾಲದಲ್ಲಿ ಅದನ್ನು ನಂಬಬೇಡಿ.

ಮಗ ಪೋರ್ಟ್ ಬ್ಲೇರ್‌ನಲ್ಲಿ ನೌಕಾಪಡೆಯ ಕೆಲಸದಲ್ಲಿದ್ದಾನೆ. ವಿಮಾನದಲ್ಲಿ ಹತ್ತು ಕೆಜಿ ಕೊಬ್ಬರಿ ಒಯ್ಯಬಹುದೇ?
(ತೆಂಗು ಬೆಳೆಗಾರರು, ತಿಪಟೂರು)

ಉಂಡೆ ಕೊಬ್ಬರಿಯನ್ನು ಚೆಕ್-ಇನ್ ಚೀಲದಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶ ಹೆಚ್ಚಿರುವುದರಿಂದ ಗಾಳಿಯಾಡದ ಕಡೆ ರಾಶಿ ಬಿದ್ದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 1363 ಅಂದರೆ ಕೊಬ್ಬರಿಯೇ. ಎಕ್ಸ್‌ರೇಯಲ್ಲಿ ಕಂಡರೆ ಚೀಲ ಬಿಚ್ಚಿಸಿ ತೆಗೆಸುತ್ತಾರೆ, ಕೈಚೀಲದಲ್ಲಿಟ್ಟರೂ ತಕರಾರು ತಪ್ಪಿದ್ದಲ್ಲ. ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಮಾಡಿಕೊಂಡು ಹೋಗಿ. ಉಪ್ಪಿನಕಾಯಿ ಇದ್ದರೆ ಎಣ್ಣೆ ಸೋರದ ಹಾಗೆ ಕಟ್ಟಿ ಚೆಕ್-ಇನ್‌ಗೆ ಹಾಕಿ, ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ. ಚೆಕ್-ಇನ್‌ಗೆ ಸಾಮಾನ್ಯವಾಗಿ ತಲೆಗೆ 15 ಕೆಜಿ, ಕೈಚೀಲಕ್ಕೆ 7 ಕೆಜಿ. ಮನೆಯಲ್ಲೇ ತೂಗಿಕೊಂಡು ಹೊರಡಿ, ಕೌಂಟರ್‌ನಲ್ಲಿ ಹೆಚ್ಚುವರಿ ಕೆಜಿಗೆ ಕಟ್ಟುವ ದುಡ್ಡು ಚಟ್ನಿಪುಡಿಯ ಬೆಲೆಯನ್ನೂ ಮೀರುತ್ತದೆ.