‘ನನ್ನನ್ನು ಯಾರೂ ಬೈಯೋದಿಲ್ಲ ಮೇಡಂ’

ಹೊರರಾಜ್ಯದಿಂದ ದಾವಣಗೆರೆಗೆ ಬಂದು ನೆಲೆಸಿದ ಹೆಂಗಸರು ಮನಸ್ಸಿನ ತೊಳಲಾಟಕ್ಕೆ ಸಲಹೆ ಕೇಳಿ ಬಂದಾಗ ನನ್ನ ಹತ್ತಿರ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ‘ಎಲ್ಲರೂ ಒಳ್ಳೆಯವರೇ, ಆದ್ರೆ ಊರು ನನ್ನದು ಅನ್ನಿಸ್ತಿಲ್ಲ.’ ಅಂಥವರಲ್ಲಿ ಒಬ್ಬರ ವಿಷಯ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಒಡಿಶಾದವರು. ಗಂಡನ ಕೆಲಸಕ್ಕೆಂದು ಬಂದು 3 ವರ್ಷ. ಊಟ, ನಿದ್ದೆ ಸರಿಯಾಗಿತ್ತು. ಸಾಯುವ ಯೋಚನೆ ಬರುತ್ತದಾ ಎಂದೂ ಕೇಳಿದ್ದೆ, ಇರಲಿಲ್ಲ. ಸಂಜೆಯಾದರೆ ಸುಮ್ನೆ ಅಳು. ಎಲ್ಲರಿಗೂ ಹೇಳುವುದನ್ನೇ ಹೇಳಿ ಕಳಿಸಿದೆ: ಕನ್ನಡ ಕಲಿಯಿರಿ, ದುಗ್ಗಮ್ಮನ ಜಾತ್ರೆಗೆ ಹೋಗಿ, ಬೆರೆಯಿರಿ.

ಎಲ್ಲವನ್ನೂ ಮಾಡಿದರು. ನಾಲ್ಕನೇ ಭೇಟಿಗೆ ಬಂದಾಗ ಕನ್ನಡದಲ್ಲೇ ಮಾತು. ‘ಎಷ್ಟು ಚೆನ್ನಾಗಿ ಮಾತಾಡ್ತೀರಿ!’ ಎಂದೆ. ಅವರ ಮುಖ ಸಣ್ಣದಾಯಿತು.

‘ನೀವೂ ಹಾಗೇ ಅಂದ್ರಲ್ಲ ಮೇಡಂ. ಜಾತ್ರೆಗೆ ಪಕ್ಕದ ಮನೆಗೆ ಕರೆದಿದ್ರು. ಹೂರಣ ತಳ ಹಿಡೀತು ಅಂತ ಸೊಸೆಗೆ ಬೈದ್ರು. ನನಗೆ ಕುರ್ಚಿ ಹಾಕಿ, ಹೋಳಿಗೆಗೆ ತುಪ್ಪ ಬಡಿಸಿದ್ರು. ನನ್ನನ್ನು ಯಾರೂ ಬೈಯೋದಿಲ್ಲ.’

ಏನು ಹೇಳಬೇಕೋ ತೋಚಲಿಲ್ಲ. 2 ವರ್ಷಕ್ಕೊಮ್ಮೆ ಬರುವ ಜಾತ್ರೆಯನ್ನು ನೋಡಿ ಬನ್ನಿ ಎಂದಿದ್ದೆ. ನೋಡುವವರು ನೆಂಟರು ಅಲ್ವಾ? ಸುಮ್ಮನಿರಲಾರದೆ, ಊರಲ್ಲಿ ಸಂಜೆ ಏನು ತಿಂತಿದ್ರಿ ಎಂದು ಕೇಳಿದೆ. ‘ಮುಢಿ’ ಎಂದರು. ನೋಡಿದರೆ ನಮ್ಮ ಮಂಡಕ್ಕಿಯೇ! ಅವರ ಕಡೆ ಅದನ್ನು ಮಟನ್ ಸಾರಿನ ಜೊತೆಗೂ ತಿನ್ನುತ್ತಾರಂತೆ. ಮಂಡಕ್ಕಿ ಭಟ್ಟಿಗಳ ಊರಲ್ಲಿ 3 ವರ್ಷದಿಂದ ಇದನ್ನು ಅವರನ್ನು ಒಬ್ಬರೂ ಕೇಳಿರಲಿಲ್ಲ. ನಾನೂ ಸೇರಿ.

ಆಗ ಬೇರೆ ಸಲಹೆ ಕೊಟ್ಟೆ. ಕುರ್ಚಿ ಹಾಕಿದರೆ ಕೂರಬೇಡಿ, ಅಡುಗೆಮನೆಗೆ ನಡೆದು ಲಟ್ಟಣಿಗೆ ಹಿಡಿಯಿರಿ. ಹೆಪ್ಪಿಗೆ ಮಜ್ಜಿಗೆ ಇಸ್ಕೊಳ್ಳಿ. ನಿಮ್ಮ ಮುಢಿಯನ್ನು ಅವರಿಗೂ ಕೊಡಿ.

‘ಬದಲಾಗಬೇಕಾದವರು ಊರಿನವರಲ್ವಾ?’ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸರಿಯೇ. ಆದರೆ ನನ್ನ ಎದುರು ಕೂತಿದ್ದು ಇವರು, ಊರಲ್ಲ. ಒಡಿಯಾ ಬಿಟ್ಟು ಕರಗಿಹೋಗಿ ಎಂದೂ ನಾನು ಹೇಳಿಲ್ಲ. ತನ್ನದನ್ನು ಬಿಡುವುದು ಬೇರೆ, ತನ್ನದನ್ನು ಇಟ್ಟುಕೊಂಡೇ ಸೇರುವುದು ಬೇರೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಬೆರಿ ವಲಸಿಗರ ಬಗ್ಗೆ ವಿಂಗಡಿಸಿ ತೋರಿಸಿದ್ದಾರೆ. ಊರಿನವರಿಗೂ ಒಂದು ಮಾತು: ಅವರ ಕನ್ನಡವನ್ನು ಹೊಗಳಿದ್ದು ಸಾಕು, ಕೈಗೆ ಒಂದು ಕೆಲಸ ಕೊಡಿ.

ಕೆಲವು ತಿಂಗಳಾದ ಮೇಲೆ ಬಂದರು. ಪಕ್ಕದ ಮನೆಯ ಸೊಸೆ ಹೇಳದೆ ಕೇಳದೆ ಮಗುವನ್ನು ಇವರ ಹತ್ತಿರ ಬಿಟ್ಟು ಪೇಟೆಗೆ ಹೋಗುತ್ತಾಳಂತೆ. ‘ನನಗೂ ಕೆಲಸ ಇರುತ್ತಲ್ವಾ ಮೇಡಂ?’ ಹತ್ತು ನಿಮಿಷ ದೂರು. ನಾನು ಅಡ್ಡ ಬಾಯಿ ಹಾಕಲಿಲ್ಲ.