ಮಗಳಿಗೆ 12 ವರ್ಷ, ದಾವಣಗೆರೆಯಲ್ಲಿ ಕುಸ್ತಿ ಕಲಿಯುತ್ತಿದ್ದಾಳೆ. ಯೂತ್ ಒಲಿಂಪಿಕ್ಸ್‌ಗೆ ಅರ್ಜಿ ಎಲ್ಲಿ ಹಾಕಬೇಕು?

ಅರ್ಜಿ ಅಂತ ಯಾವುದೂ ಇಲ್ಲ. ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟ ದಾಟಿ ಕುಸ್ತಿ ಫೆಡರೇಷನ್ನಿನ ಟ್ರಯಲ್ಸ್‌ನಲ್ಲಿ ಗೆಲ್ಲಬೇಕು. ಆಮೇಲೆ ಹೆಸರು ಕಳಿಸುವುದು ಭಾರತೀಯ ಒಲಿಂಪಿಕ್ ಸಂಸ್ಥೆ.

ನಾನೂ ದಾವಣಗೆರೆಯವನೇ, ಗರಡಿಮನೆಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು. ನನ್ನನ್ನು ಕೇಳಿದರೆ ಪಟ್ಟು ಕಲಿಸುವ ಮೊದಲು ಮಗಳ ಜನನ ಪ್ರಮಾಣಪತ್ರ ತೆಗೆದು ನೋಡಿ. ಈ ಕೂಟದಲ್ಲಿ ವಯಸ್ಸೇ ಎಲ್ಲ. 2010ರಲ್ಲಿ ಸಿಂಗಪುರದಲ್ಲಿ ಶುರುವಾಗಿದ್ದು, 4 ವರ್ಷಕ್ಕೊಮ್ಮೆ ಬರುತ್ತದೆ. 2018ರ ಬ್ಯೂನಸ್ ಐರಿಸ್‌ಗೆ 18ರವರೆಗೆ ಬಿಟ್ಟಿದ್ದರು, 2026ರ ಡಾಕರ್‌ಗೆ (ಸೆನೆಗಲ್ ದೇಶದ ರಾಜಧಾನಿ) 17ಕ್ಕೇ ನಿಲ್ಲಿಸಿದ್ದಾರೆ. ಡಾಕರ್‌ನದ್ದು 2022ಕ್ಕೇ ಆಗಬೇಕಿತ್ತು. ಕೊರೊನಾದಿಂದ 4 ವರ್ಷ ಮುಂದೆ ಹೋಯಿತು. 2022ಕ್ಕೆ ಅಂತ ಬೆವರು ಸುರಿಸಿದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿಬಿಟ್ಟರು, ಪಾಪ.

ನಮ್ಮ ಅಣ್ಣನ ಮಗನದ್ದು ಬೇರೆ ಕಥೆ. ಶಾಲೆಗೆ ಸೇರಿಸುವಾಗ ಯಾರೋ ಜೂನ್ 1 ಅಂತ ಬರೆದುಬಿಟ್ಟಿದ್ದರು. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ ಅಲ್ವಾ! ಜನನ ಪ್ರಮಾಣಪತ್ರದಲ್ಲಿ ನೋಡಿದರೆ ನವೆಂಬರ್. ಒಂದು ಸೆಲೆಕ್ಷನ್‌ಗೆ ಎರಡು ದಿನ ಹೊಟ್ಟೆ ಕಟ್ಟಿ ತೂಕ ಇಳಿಸಿದ್ದ. ತೂಕ ಸರಿ ಬಂತು, ಪೇಪರ್ ತಾಳೆ ಆಗಲಿಲ್ಲ. ಕಾಸ್ಟ್ಯೂಮ್ ಹಾಕಿಕೊಂಡೇ ಗೋಡೆಗೆ ಒರಗಿ, ಒಂದರ ಹಿಂದೊಂದು ಬಾಳೆಹಣ್ಣು ತಿನ್ನುತ್ತಾ ಕೂತಿದ್ದ. ಮಾತಿಲ್ಲ.

ಇನ್ನೊಂದು ವಿಷಯ. ಡಾಕರ್‌ನಲ್ಲಿ ಇಟ್ಟಿರುವುದು ಬೀಚ್ ಕುಸ್ತಿ. 7 ಮೀಟರ್ ಅಗಲದ ಮರಳಿನ ವೃತ್ತ, 3 ನಿಮಿಷದ ಆಟ, ಮೊದಲು 3 ಪಾಯಿಂಟ್ ಮಾಡಿದವರು ಗೆದ್ದಂತೆ. ಕೆಳಗೆ ಬಿದ್ದು ಹೊರಳಾಡುವುದಿಲ್ಲ, ನಿಂತೇ ಹಿಡಿಯಬೇಕು, ನಿಂತೇ ಕೆಡವಬೇಕು. ವೃತ್ತದಿಂದ ಆಚೆ ತಳ್ಳಿದರೂ ಪಾಯಿಂಟ್ ಇದೆ. ಸೆನೆಗಲ್ಲಿನವರಿಗೆ ಮರಳಿನ ಕುಸ್ತಿ ಅಂದರೆ ಪ್ರಾಣ, ನಮಗೆ ದುಗ್ಗಮ್ಮನ ಜಾತ್ರೆ ಕುಸ್ತಿ ಇದ್ದ ಹಾಗೆ. ಹಾಗಂತ ಮ್ಯಾಟ್ ಬಿಡಿಸಬೇಡಿ. ಉಳಿದ ಪಂದ್ಯಗಳೆಲ್ಲ ಜಾಸ್ತಿ ಮ್ಯಾಟ್ ಮೇಲೇ. ಆದರೆ ಮಣ್ಣಿನಲ್ಲಿ ಕಾಲೂರಿ ನಿಲ್ಲುವುದನ್ನು ಕಲಿತಿದ್ದರೆ ಅದೇನೂ ದಂಡ ಅಲ್ಲ.

ಹುಡುಗಿಗೆ ಯಾಕೆ ಕುಸ್ತಿ ಅಂತ ನೆಂಟರು ಮೂಗು ಮುರಿದರೆ, 2010ರಲ್ಲಿ ಪೂಜಾ ಧಂಡಾ, 2018ರಲ್ಲಿ ಸಿಮ್ರನ್ ಇದೇ ಕೂಟದ ಕುಸ್ತಿಯಲ್ಲಿ ಬೆಳ್ಳಿ ತಂದಿದ್ದನ್ನು ಹೇಳಿ, ಸುಮ್ನಾಗುತ್ತಾರೆ.

ನಾಳೆಯೇ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದಲ್ಲಿ ಮಗಳ ಹುಟ್ಟಿದ ತಾರೀಖು ನೋಡಿ ಬನ್ನಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಿಸುವುದು ದೊಡ್ಡ ರಗಳೆ.