ತಜಿಕಿಸ್ತಾನದ ಪರ್ವತಗಳೆಲ್ಲ ಪಾಮಿರ್ ಅಲ್ಲ

ಪ್ರಶ್ನೆ: ತಜಿಕಿಸ್ತಾನದ ಶೇಕಡ 93ರಷ್ಟು ನೆಲ ಪರ್ವತಮಯ ಎಂದು ಓದಿದ್ದೇನೆ. ಅವೆಲ್ಲವೂ ಪಾಮಿರ್‌ಗೆ ಸೇರಿದವೇ? ಬೇರೆ ಶ್ರೇಣಿಗಳಿದ್ದರೆ ಅವು ಎಲ್ಲಿವೆ, ಅವುಗಳ ನಡುವಿನ ವ್ಯತ್ಯಾಸವೇನು?

ಉತ್ತರ: ಎಲ್ಲವೂ ಪಾಮಿರ್ ಅಲ್ಲ. ಪಾಮಿರ್ ಇರುವುದು ದೇಶದ ಪೂರ್ವಾರ್ಧದಲ್ಲಿ. ಜನರಲ್ಲಿ ಹೆಚ್ಚಿನವರು ನೆಲೆಸಿರುವ ಪಶ್ಚಿಮದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಕ್ರಮವಾಗಿ ತುರ್ಕಿಸ್ತಾನ್, ಜೆರಾವ್‌ಶಾನ್ ಮತ್ತು ಹಿಸಾರ್ ಎಂಬ ಮೂರು ಶ್ರೇಣಿಗಳು ಪೂರ್ವ-ಪಶ್ಚಿಮವಾಗಿ, ಹೆಚ್ಚುಕಡಿಮೆ ಸಮಾನಾಂತರವಾಗಿ ಹಬ್ಬಿವೆ. ಎತ್ತರದಲ್ಲಿ ಇವು ಪಾಮಿರ್‌ಗೆ ಸಾಟಿಯಲ್ಲ. ಆದರೂ ಈ ದೇಶವನ್ನು ಅರಿಯಬೇಕಾದವರು ಶಿಖರಗಳ ಎತ್ತರಕ್ಕಿಂತ ಮೊದಲು ಶ್ರೇಣಿಗಳು ಹಬ್ಬಿದ ದಿಕ್ಕನ್ನು ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ. ರಾಜಧಾನಿ ದುಶಾಂಬೆ ಹಿಸಾರ್ ಶ್ರೇಣಿಯ ದಕ್ಷಿಣದ ಕಣಿವೆಯಲ್ಲಿದೆ. ಎರಡನೆಯ ದೊಡ್ಡ ನಗರವಾದ ಖುಜಂದ್ ತುರ್ಕಿಸ್ತಾನ್ ಶ್ರೇಣಿಯ ಉತ್ತರಕ್ಕಿದೆ. ಹೀಗಾಗಿ ಒಂದೇ ದೇಶದ ಎರಡು ಮುಖ್ಯ ನಗರಗಳ ನಡುವೆ ಮೂರು ಶ್ರೇಣಿಗಳು ಅಡ್ಡಲಾಗಿ ನಿಂತಿವೆ.

ಈ ಮೂರರಲ್ಲಿ ನಡುವಿನ ಜೆರಾವ್‌ಶಾನ್ ಶ್ರೇಣಿಯನ್ನು ಫಾನ್ ದರ್ಯಾ ಎಂಬ ನದಿ ತಾನೇ ಕೊರೆದು ಕಮರಿ ಮಾಡಿಕೊಂಡಿರುವುದರಿಂದ ರಸ್ತೆಗೆ ಅಲ್ಲಿ ದಾರಿ ಸಿಕ್ಕಿದೆ. ಉಳಿದೆರಡನ್ನು ದಾಟಲು 3,300 ಮೀಟರಿಗೂ ಎತ್ತರದ ಅಂಜೋಬ್ ಮತ್ತು ಶಹರಿಸ್ತಾನ್ ಕಣಿವೆದಾರಿಗಳನ್ನು ಹತ್ತಿ ಇಳಿಯಬೇಕಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಅವು ತಿಂಗಳುಗಟ್ಟಲೆ ಮುಚ್ಚಿದಾಗ, ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ವಾಹನದಲ್ಲಿ ಹೋಗುವವರು ನೆರೆಯ ಉಜ್ಬೇಕಿಸ್ತಾನವನ್ನು ಸುತ್ತಿಕೊಂಡು ಹೋಗಬೇಕಾಗುತ್ತಿತ್ತು. 2006ರಲ್ಲಿ ಅಂಜೋಬ್ ಸುರಂಗವೂ 2012ರಲ್ಲಿ ಶಹರಿಸ್ತಾನ್ ಸುರಂಗವೂ ಸಂಚಾರಕ್ಕೆ ತೆರೆದವು. ತಲಾ ಸುಮಾರು ಐದು ಕಿಲೋಮೀಟರ್ ಉದ್ದದ ಈ ಎರಡು ಸುರಂಗಗಳು ಆ ದೇಶಕ್ಕೆ ಎಷ್ಟು ಮುಖ್ಯವೆಂಬುದು ಭೂಪಟವನ್ನು ಒಮ್ಮೆ ನೋಡಿದರೆ ತಿಳಿಯುತ್ತದೆ.

ಜೆರಾವ್‌ಶಾನ್ ಮತ್ತು ಹಿಸಾರ್ ಶ್ರೇಣಿಗಳ ನಡುವೆ ಯಘ್ನೋಬ್ ಎಂಬ ಇಕ್ಕಟ್ಟಾದ ಕಣಿವೆಯಿದೆ. ಪ್ರಾಚೀನ ಸೊಗ್ದಿಯನ್ ಭಾಷೆಯ ವಂಶಕ್ಕೆ ಸೇರಿದ ಮಾತು ಇಂದಿಗೂ ಉಳಿದಿರುವುದು ಈ ಕಣಿವೆಯ ಜನರಲ್ಲಿ ಮಾತ್ರ. ಹೊರಗಿನವರು ಸುಲಭವಾಗಿ ಒಳಬರಲಾಗದ ದುರ್ಗಮತೆಯೇ ಆ ಭಾಷೆಯನ್ನು ಕಾಪಾಡಿತು. ಆದರೆ 1970-71ರಲ್ಲಿ ಸೋವಿಯತ್ ಆಡಳಿತ ಅಲ್ಲಿನ ನಿವಾಸಿಗಳನ್ನು ಬಲವಂತವಾಗಿ ಎಬ್ಬಿಸಿ, ಬಯಲುಸೀಮೆಯ ಜಫರಾಬಾದ್‌ನ ಹತ್ತಿಯ ಹೊಲಗಳಿಗೆ ಸಾಗಿಸಿತು. ತಂಪಿನ ಎತ್ತರದಲ್ಲಿ ಬಾಳಿದವರಿಗೆ ಆ ಬಿಸಿಲು ಎಷ್ಟು ಕಠಿಣವಾಗಿರಬೇಕು! ಮುಂದೆ ಕೆಲವು ಕುಟುಂಬಗಳು ಕಣಿವೆಗೆ ಮರಳಿದವು, ಹೆಚ್ಚಿನವು ಮರಳಲಿಲ್ಲ.

ಇನ್ನು ಪಾಮಿರ್. ಇದನ್ನು ಒಂದು ಶ್ರೇಣಿ ಎನ್ನುವುದಕ್ಕಿಂತ ಅನೇಕ ಶ್ರೇಣಿಗಳು ಕೂಡಿದ ಗಂಟು ಎನ್ನುವುದು ಸರಿ. ಭಾರತ ಭೂಫಲಕವು ಏಷ್ಯಾವನ್ನು ಉತ್ತರಕ್ಕೆ ಒತ್ತುತ್ತಿರುವುದರಿಂದ ಹಿಮಾಲಯದಂತೆ ಇದೂ ಮೇಲೆದ್ದಿದೆ, ಆ ಒತ್ತಡ ಇಂದಿಗೂ ನಿಂತಿಲ್ಲ. ಪಾಮಿರ್‌ನೊಳಗೇ ಪಶ್ಚಿಮ ಮತ್ತು ಪೂರ್ವ ಭಾಗಗಳು ಬೇರೆ ಬೇರೆ ಲೋಕಗಳಂತಿವೆ. ಪಶ್ಚಿಮದಿಂದ ಬರುವ ತೇವದ ಗಾಳಿ ಮೊದಲು ಎದುರಾಗುವ ಎತ್ತರದ ಶ್ರೇಣಿಗಳ ಮೇಲೆಯೇ ತನ್ನ ಹಿಮವನ್ನೆಲ್ಲ ಸುರಿದುಬಿಡುತ್ತದೆ. ಸುಮಾರು 77 ಕಿಲೋಮೀಟರ್ ಉದ್ದದ ಫೆಡ್ಚೆಂಕೊ ಹಿಮನದಿ ಇರುವುದು ಅಲ್ಲಿಯೇ. ಧ್ರುವ ಪ್ರದೇಶಗಳನ್ನು ಬಿಟ್ಟರೆ ಜಗತ್ತಿನ ಅತಿ ಉದ್ದದ ಹಿಮನದಿಗಳಲ್ಲಿ ಅದೊಂದು. ಆ ಶ್ರೇಣಿಗಳನ್ನು ದಾಟಿ ಪೂರ್ವಕ್ಕೆ ಹೋದರೆ ಕಡಿದಾದ ಕಮರಿಗಳು ಮುಗಿದು, ಅಗಲವಾದ ಒಣ ಪ್ರಸ್ಥಭೂಮಿ ತೆರೆದುಕೊಳ್ಳುತ್ತದೆ. ಅಲ್ಲಿನ ಮುರ್ಗಾಬ್ ಪಟ್ಟಣ ಸುಮಾರು 3,600 ಮೀಟರ್ ಎತ್ತರದಲ್ಲಿದ್ದು, ವರ್ಷಕ್ಕೆ 100 ಮಿಲಿಮೀಟರಿನಷ್ಟು ಮಳೆ-ಹಿಮವೂ ಬೀಳುವುದಿಲ್ಲ. ಮರಗಳಿಲ್ಲದ ಆ ನೆಲದಲ್ಲಿ ಜನರು ಒಲೆಗೆ ಯಾಕ್ ಸಗಣಿಯ ಜೊತೆಗೆ ತೆರೆಸ್ಕೆನ್ ಎಂಬ ಕುರುಚಲು ಗಿಡವನ್ನು ಬೇರುಸಹಿತ ಕಿತ್ತು ಬಳಸುತ್ತಾರೆ. ಬಹಳ ನಿಧಾನವಾಗಿ ಬೆಳೆಯುವ ಈ ಗಿಡವೇ ಜಾನುವಾರುಗಳ ಮೇವೂ ಹೌದು. ಹೀಗಾಗಿ ಇಂದು ಒಲೆಗೆ ಹೋದದ್ದು ನಾಳೆಯ ಮೇವಿನಲ್ಲಿ ಕಡಿಮೆಯಾಗುತ್ತದೆ.

ಪ್ರಶ್ನೆ: ಹಳೆಯ ಭೂಪಟದಲ್ಲಿರುವ ‘ಕಮ್ಯುನಿಸಂ ಶಿಖರ’ ಹೊಸ ಭೂಪಟದಲ್ಲಿ ಕಾಣುವುದಿಲ್ಲ. ಅದು ಯಾವುದು?

ಉತ್ತರ: ಅದೇ ಈಗಿನ ಇಸ್ಮೊಯಿಲ್ ಸೊಮೊನಿ ಶಿಖರ, ಎತ್ತರ 7,495 ಮೀಟರ್, ದೇಶದಲ್ಲೇ ಅತ್ಯುನ್ನತ. ಮೊದಲಿಗೆ ಸ್ಟಾಲಿನ್ ಹೆಸರಿದ್ದ ಇದನ್ನು 1933ರಲ್ಲಿ ಯೆವ್ಗೆನಿ ಅಬಲಾಕೊವ್ ಮೊತ್ತಮೊದಲು ಏರಿದರು. 1962ರಲ್ಲಿ ಅದು ಕಮ್ಯುನಿಸಂ ಶಿಖರವಾಯಿತು, 1998ರಲ್ಲಿ ಸಾಮಾನಿ ವಂಶದ ಅರಸನ ಹೆಸರನ್ನು ಪಡೆಯಿತು.

ಪ್ರಶ್ನೆ: ಪಾಮಿರ್‌ನ ಸರೆಜ್ ಸರೋವರ ಅಪಾಯಕಾರಿ ಎನ್ನುತ್ತಾರೆ, ಏಕೆ?

ಉತ್ತರ: 1911ರ ಫೆಬ್ರುವರಿಯಲ್ಲಿ ನಡೆದ ಪ್ರಬಲ ಭೂಕಂಪದಿಂದ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಉಸೋಯ್ ಗ್ರಾಮವನ್ನು ಹೂತುಹಾಕಿತು, ಮುರ್ಗಾಬ್ ನದಿಗೆ ಅಡ್ಡಲಾಗಿ ಬಿತ್ತು. 500 ಮೀಟರಿಗಿಂತಲೂ ಎತ್ತರದ ಆ ಕಲ್ಲು-ಮಣ್ಣಿನ ರಾಶಿ ಜಗತ್ತಿನ ಅತಿ ಎತ್ತರದ ನೈಸರ್ಗಿಕ ಅಣೆಕಟ್ಟು ಎನಿಸಿದೆ. ಅದರ ಹಿಂದೆ ನೀರು ವರ್ಷಗಟ್ಟಲೆ ಏರುತ್ತ ಸರೆಜ್ ಎಂಬ ಇನ್ನೊಂದು ಗ್ರಾಮವನ್ನು ಮುಳುಗಿಸಿತು; ಸರೋವರಕ್ಕೆ ಅದೇ ಹೆಸರು ಉಳಿಯಿತು. ನೀರು ದಂಡೆಯನ್ನು ಮೀರಿ ಹರಿಯದೆ, ರಾಶಿಯ ಒಳಗಿನಿಂದ ಜಿನುಗಿ ಕೆಳಗಡೆ ಮತ್ತೆ ನದಿಯಾಗುತ್ತದೆ. ಅಣೆಕಟ್ಟು ನೂರು ವರ್ಷಗಳಿಗೂ ಮೀರಿ ನಿಂತಿದೆಯಾದ್ದರಿಂದ ಅದು ನಾಳೆಯೇ ಒಡೆಯುತ್ತದೆಂದು ಹೆದರಿಸುವುದು ತಪ್ಪು. ತಜ್ಞರ ಮುಖ್ಯ ಕಳವಳ ಬೇರೆ: ಸರೋವರದ ಬಲದಂಡೆಯ ಸಡಿಲವಾದ ಇಳಿಜಾರು ಭೂಕಂಪವೊಂದರಲ್ಲಿ ನೀರಿಗೆ ಕುಸಿದರೆ, ಎದ್ದ ಅಲೆ ಅಣೆಕಟ್ಟನ್ನು ಹಾರಿ ಕೆಳಗಿನ ಬರ್ತಂಗ್ ಕಣಿವೆಗೆ ನುಗ್ಗಬಹುದು. ಆ ಕಣಿವೆಯ ಗ್ರಾಮಗಳಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಅಳವಡಿಸಿರುವುದು ಈ ಕಾರಣಕ್ಕೇ.